ಮದ್ದಲ್ಲದ ಬೇರು

ಜನವರಿ 12

ಅತ್ತಿಗೆಯವರಿಗೆ ನಮಸ್ಕಾರ.

ನಾಲ್ಕು ವರ್ಷಗಳ ನಂತರ ಬರೆಯುತ್ತಿದ್ದೇನೆ. ಇಷ್ಟು ದಿನ ಏಕೆ ಬರೆಯಲಿಲ್ಲ ಎಂಬುದಕ್ಕೆ ಮೂರು ಕಾರಣ ಬರೆದೆ. ಮೂರೂ ಸುಳ್ಳೆನಿಸಿ ಹಾಳೆ ಹರಿದೆ. ನೇರ ವಿಷಯಕ್ಕೆ ಬರುತ್ತೇನೆ. ಸಿಗರೇಟು ಬಿಡಬೇಕು. ಅದಕ್ಕೆ ನಮ್ಮ ನಾರುಬೇರಿನ ಅಂಗಡಿಯಲ್ಲಿ ಏನಾದರೂ ಇದೆಯೇ?

ಎಂಜಿನ್ನಿನಲ್ಲಿ ನಾವು ಪ್ರತಿ ಸಿಗ್ನಲ್ಲನ್ನೂ ಗಟ್ಟಿಯಾಗಿ ಕೂಗಿ ಹೇಳಬೇಕು. ಒಬ್ಬರು ಕೂಗಿದ್ದನ್ನು ಇನ್ನೊಬ್ಬರು ಮತ್ತೆ ಕೂಗಬೇಕು. ಇಬ್ಬರೂ ಎಚ್ಚರವಾಗಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಹೋದ ವಾರ "ಹಳದಿ" ಎನ್ನಲು ಬಾಯಿ ತೆರೆದೆ, ಕೆಮ್ಮು ಬಂತು. ಅದು ಮುಗಿಯುವಷ್ಟರಲ್ಲಿ ಸಿಗ್ನಲ್ ಹಿಂದೆ ಹೋಗಿತ್ತು. ನನ್ನ ಸಹಚಾಲಕಿ ಎರಡು ಮಕ್ಕಳ ತಾಯಿ, ನಾಲಿಗೆ ಸ್ವಲ್ಪ ಚೂಪು. ತಾನೇ ಕೂಗಿ, ಉತ್ತರವನ್ನೂ ತಾನೇ ಕೂಗಿಕೊಂಡಳು. ಆಮೇಲೆ ಹೇಳಿದಳು: "ಸಾರ್, ಇಬ್ರ ಕೆಲ್ಸ ನಾನೊಬ್ಳೇ ಮಾಡ್ತೀನಿ, ಪರವಾಗಿಲ್ಲ. ಆದ್ರೆ ಸಂಬಳ ಒಬ್ಳಿಗೇ ಬರತ್ತೆ."

ನಕ್ಕೆ. ನಗುವಿನ ಬೆನ್ನಿಗೇ ಮತ್ತೆ ಕೆಮ್ಮು ಬಂತು.

ಒಬ್ಬನೇ ಇರುವವನಿಗೆ ಸಿಗರೇಟು ಮನೆಮಂದಿಯ ಹಾಗೆ, ಎದ್ದು ಹೋಗು ಎಂದರೆ ಹೋಗುವುದಿಲ್ಲ. ಆದರೆ ಎಂಜಿನ್ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಅಂಗಡಿಯ ಕೆಲಸ ಕಲಿಯದೆ ಓಡಿಹೋದವನು ಎಂಬುದು ನಿಮಗೆ ಗೊತ್ತೇ ಇದೆ.

ಇಂತಿ,
ನಿಮ್ಮ ಮೈದುನ


ಜನವರಿ 20

ಚಿಕ್ಕೋನಿಗೆ,

ಐವತ್ಮೂರು ವರ್ಷದವನನ್ನು ಹೀಗೆ ಕರೆಯಬಾರದು. ಆದರೆ ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಿನಗೆ ಒಂಬತ್ತು. ನನ್ನ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದವನು ನೀನೊಬ್ಬನೇ. ನಾಲ್ಕು ವರ್ಷಕ್ಕೊಂದು ಕಾಗದ, ಅದೂ ಸಿಗರೇಟಿನ ದಯದಿಂದ. ಇರಲಿ.

ಇದರ ಜೊತೆ ಒಂದು ಕಟ್ಟು ಜ್ಯೇಷ್ಠಮಧು ಇದೆ. ಇದು ಮದ್ದಲ್ಲ, ಮದ್ದಿನ ಜೊತೆ ಹೋಗುವ ನೆಂಟ ಎಂದು ನಿನ್ನಣ್ಣ ಹೇಳುತ್ತಿದ್ದರು. ಎಂಥ ಕಹಿಯ ಜೊತೆಗೂ ಹೊಂದಿಕೊಳ್ಳುತ್ತದೆ. ಬೆರಳುದ್ದದ ತುಂಡನ್ನು ಸಿಗರೇಟಿನ ಜಾಗದಲ್ಲೇ ಇಟ್ಟುಕೋ. ಮೊದಲು ಸೌದೆ ಕಚ್ಚಿದಂತಿರುತ್ತದೆ. ಅಗಿಯುತ್ತಾ ಹೋದರೆ ನಾರು ಬಿಡುತ್ತದೆ, ಆಮೇಲೆ ಸಿಹಿ ಬರುತ್ತದೆ. ರಸ ನುಂಗು, ನಾರು ಉಗಿ. ಮುರಿದಾಗ ಒಳಗೆ ಹಳದಿಯಿದ್ದರೆ ಒಳ್ಳೆಯದು, ಕಪ್ಪಿದ್ದರೆ ಎಸೆ. ಗಂಟಲಿಗೂ ಹಿತ.

ನಿನ್ನೆ ಹರಾಜು ಕೂಗುವವನೊಬ್ಬ ಇದಕ್ಕೇ ಬಂದಿದ್ದ. "ಅಮ್ಮಾ, ಗಂಟಲು ಪೂರ್ತಿ ಕೂತ್ಬಿಟ್ಟಿದೆ. ನಾಳೆ ಮೂರು ಮನೆ ಸಾಮಾನು ಹರಾಜಿದೆ."

"ಕೂತಿದ್ರೆ ಒಳ್ಳೇದೇ ಆಯ್ತಲ್ಲಪ್ಪ. ಕೊಳ್ಳೋರಿಗೆ ಅಗ್ಗಕ್ಕೆ ಸಿಗತ್ತೆ" ಅಂದೆ. ಅವನಿಗೆ ನಗು ಬಂತು, ದನಿ ಬರಲಿಲ್ಲ. ಎರಡು ಕಟ್ಟು ಒಯ್ದ.

ಮುಗಿದರೆ ಕೇಳು. ಸಂಕೋಚ ಬೇಡ.

ಅತ್ತಿಗೆ


ಮಾರ್ಚ್ 3

ಅತ್ತಿಗೆಯವರಿಗೆ ನಮಸ್ಕಾರ.

ನಲವತ್ತು ದಿನವಾಯಿತು. ಒಂದೂ ಸೇದಿಲ್ಲ.

ಮೊದಲ ವಾರ ಲೋಕದ ಮೇಲೆಲ್ಲ ಸಿಟ್ಟು. ಎರಡನೇ ವಾರ ಸಿಟ್ಟಿಗೆ ಹಸಿವು ಸೇರಿತು. ಮೂರನೇ ವಾರ ಒಂದು ಬೆಳಿಗ್ಗೆ ಕ್ಯಾಬಿನ್ನಿನ ಕಿಟಕಿ ತೆರೆದಾಗ, ಹಳಿಯ ಪಕ್ಕದ ಹುಲ್ಲಿಗೆ ವಾಸನೆಯಿದೆ ಎಂದು ತಿಳಿಯಿತು. ಸಂಜೆ ಅದೇ ಹುಲ್ಲಿಗೆ ಬೇರೆ ವಾಸನೆ. ಮೂವತ್ತು ವರ್ಷ ಅದೇ ದಾರಿಯಲ್ಲಿ ಹೋಗಿ ಬಂದವನಿಗೆ ಯಾರೋ ಊರನ್ನೇ ಬದಲಾಯಿಸಿಕೊಟ್ಟಂತಾಯಿತು.

ಬೇರು ಬಾಯಿಗೆ ಹತ್ತಿದೆ. ಎದ್ದ ಕೂಡಲೇ ಒಂದು, ಗಾಡಿ ಹೊರಟಾಗ ಒಂದು, ನಿಂತಾಗ ಒಂದು, ಏಕೆ ನಿಂತಿತು ಎಂದು ಯೋಚಿಸುತ್ತಾ ಇನ್ನೊಂದು. ದಿನಕ್ಕೆ ಹತ್ತು ಹನ್ನೆರಡು ಆಗಬಹುದು. "ಸಾರ್, ನಿಮ್ಮ ಪಕ್ಕ ಕೂತ್ರೆ ಮರ ಕೊಯ್ಯೋ ಮಿಲ್ಲಲ್ಲಿ ಕೂತ ಹಾಗಿದೆ" ಎನ್ನುತ್ತಾಳೆ ಸಹಚಾಲಕಿ. ಸಿಗ್ನಲ್ ಬಂದಾಗ ಕೈ ಚಾಚುತ್ತಾಳೆ. ಬೇರನ್ನು ತೆಗೆದು ಅವಳ ಕೈಗೆ ಕೊಟ್ಟು ಕೂಗಬೇಕು. ಮೊದಮೊದಲು ಅವಳಿಗೆ ಹೇಸಿಗೆಯಾಗುತ್ತಿತ್ತು, ಈಗ ಒಂದು ತಟ್ಟೆ ಇಟ್ಟಿದ್ದಾಳೆ.

ಆದರೆ ಮಲಗಿದಾಗ ಹಳೆಯ ಕೆಮ್ಮು ಇನ್ನೂ ಸ್ವಲ್ಪ ಬರುತ್ತದೆ. ಹೊಟ್ಟೆಯಲ್ಲಿ ಉರಿಯೂ ಇದೆ. ಅದಕ್ಕೇನಾದರೂ ಇದ್ದರೆ ಕಳಿಸಿ. ಬೇರಿನ ಕಟ್ಟೂ ಇರಲಿ.

ನಿಮ್ಮ ಮೈದುನ


ಮಾರ್ಚ್ 11

ಚಿಕ್ಕೋನಿಗೆ,

ಕೆಂಪು ದಾರ ಕಟ್ಟಿದ್ದು ಕೆಮ್ಮಿನ ಪುಡಿ, ಬಿಳಿ ದಾರದ್ದು ಹೊಟ್ಟೆಯುರಿಗೆ ಗುಳಿಗೆ. ದಿನಕ್ಕೆ ಮೂರು ಸಲ ತೆಗೆದುಕೋ. ಎರಡೂ ಕಹಿಯಾಗಿರಬೇಕಿತ್ತು. ನೀನು ಕಹಿ ಕಂಡರೆ ಹೇಗೆ ಓಡುತ್ತೀ ಎಂದು ತಿಳಿದು ಸಿಹಿ ಮಾಡಿದ್ದೇನೆ.

ಕಷಾಯದ ಲೋಟ ಹಿಡಿದು ನಿನ್ನಣ್ಣ ನಿನ್ನನ್ನು ಮಾಳಿಗೆಯವರೆಗೆ ಅಟ್ಟಿಸಿಕೊಂಡು ಹೋಗಿದ್ದು ನೆನಪಾಯಿತು. "ನೋಡೋ, ಏನೂ ಆಗಲ್ಲ" ಎಂದು ನಿನಗೆ ತೋರಿಸಲು ತಾವೇ ಕುಡಿದು, ತಾವೇ ವಾಂತಿ ಮಾಡಿಕೊಂಡರು. ಪೊಟ್ಟಣ ಕಟ್ಟುತ್ತಾ ಒಬ್ಬಳೇ ನಕ್ಕೆ. ಅಂಗಡಿಯಲ್ಲಿದ್ದ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು.

ಇಲ್ಲಿಗೆ ಬರಲು ನಿನಗೆ ಯಾಕೋ ಕಷ್ಟ. ಯಾಕೆ ಎಂದು ಕೇಳುವುದಿಲ್ಲ. ನೀನು ಹೇಳುವ ಹಾಗಿದ್ದರೆ ಹೇಳುತ್ತಿದ್ದೆ.

ಅತ್ತಿಗೆ


ಮೇ 2

ಅತ್ತಿಗೆಯವರಿಗೆ,

ಕೆಮ್ಮು ಹೋಯಿತು. ಹೊಟ್ಟೆ ತಣ್ಣಗಿದೆ. ಕಾಲು ಮಾತ್ರ ಊದಿಕೊಳ್ಳುತ್ತಿದೆ, ಒಂದು ಅಳತೆ ದೊಡ್ಡ ಬೂಟು ಕೊಂಡೆ. ಎಂಜಿನ್ನಿನ ಏಣಿ ಹತ್ತುವಾಗ ಮೂರನೇ ಮೆಟ್ಟಿಲಲ್ಲಿ ನಿಲ್ಲುತ್ತೇನೆ, ತೊಡೆಯಲ್ಲಿ ಬಲವೇ ಇಲ್ಲ. ವಯಸ್ಸಾಯಿತಲ್ಲ.

ಮೈದುನ


ಮೇ 9

ಚಿಕ್ಕೋನಿಗೆ,

ನಿನಗೆ ವಯಸ್ಸಾದರೆ ನನಗೇನಾಗಬೇಕು? ಇದು ಊತಕ್ಕೆ ಕಷಾಯದ ಪುಡಿ. ನಮ್ಮ ಅಂಗಡಿಯಲ್ಲೇ ಇದರಷ್ಟು ಕಹಿ ಇನ್ನೊಂದಿಲ್ಲ. ಅದಕ್ಕೇ ಹಿಡಿ ತುಂಬ ಸಿಹಿ ಬೇರು ಸೇರಿಸಿದ್ದೇನೆ. ಅಗಿಯುವ ಕಟ್ಟು ಈ ಸಲ ದೊಡ್ಡದು.

ಅತ್ತಿಗೆ


ಜೂನ್ 6

ಅತ್ತಿಗೆಯವರಿಗೆ ನಮಸ್ಕಾರ.

ಚಾಲಕರಿಗೆ ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯಲ್ಲಿ ನಪಾಸಾದೆ. ರಕ್ತದೊತ್ತಡ ನೂರ ಎಂಬತ್ತೈದು. ರಕ್ತದಲ್ಲಿ ಯಾವುದೋ ಲವಣ ಕಡಿಮೆ, ಅದೇ ಕಾಲಿನ ಬಲ ತಿಂದಿದೆಯಂತೆ. ಏಕೆ ಕಡಿಮೆ ಎಂದು ಡಾಕ್ಟರಿಗೂ ತಿಳಿದಿಲ್ಲ. ಮಾತ್ರೆ ಕೊಟ್ಟಿದ್ದಾರೆ. ಆಗಸ್ಟ್ 14ಕ್ಕೆ ಮತ್ತೆ ಪರೀಕ್ಷೆ. ಅಂದೂ ಹೀಗೇ ಬಂದರೆ ನನ್ನನ್ನು ಎಂಜಿನ್ನಿನಿಂದ ಇಳಿಸುತ್ತಾರೆ, ಮತ್ತೆ ಹತ್ತಿಸುವುದಿಲ್ಲ.

ಡಾಕ್ಟರು ನನಗಿಂತ ಇಪ್ಪತ್ತು ವರ್ಷ ಚಿಕ್ಕ ಹೆಂಗಸು. ಪೆನ್ನು ಹಿಡಿದು ಕೇಳಿದರು: "ಬೇರೆ ಏನಾದ್ರೂ ತಗೋತೀರಾ? ನಾಟಿ ಔಷಧಿ, ಬೇರು, ಪುಡಿ?"

"ಇಲ್ಲ ಡಾಕ್ಟ್ರೇ."

"ಏನೂ ಇಲ್ವಾ?"

"ಏನೂ ಇಲ್ಲ."

ಆ ಕಾಗದದ ಮೇಲೆ ನಮ್ಮ ಅಂಗಡಿಯ ಹೆಸರು ಬರೆಸಲು ಮನಸ್ಸಾಗಲಿಲ್ಲ. ನಾಳೆ ಯಾರಾದರೂ ನಿಮ್ಮನ್ನು ಕೇಳುವಂತಾಗಬಾರದು. ಅಲ್ಲದೆ ಜ್ಯೇಷ್ಠಮಧು ಮದ್ದಲ್ಲವಲ್ಲ. ಹೊರಗೆ ಬಂದು, ಸಮಾಧಾನಕ್ಕೆ ಒಂದು ತುಂಡು ಬಾಯಿಗಿಟ್ಟುಕೊಂಡೆ.

ಅಲ್ಲಿಯವರೆಗೆ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರಿಸಿದ್ದಾರೆ. ನನ್ನ ಬೆನ್ನ ಹಿಂದೆ ಗಾಡಿಗಳು ಹೋಗುತ್ತವೆ. ಸದ್ದಿನಲ್ಲೇ ಯಾರು ಓಡಿಸುತ್ತಿದ್ದಾರೆಂದು ತಿಳಿಯುತ್ತದೆ. ತಿರುಗಿ ನೋಡುವುದಿಲ್ಲ.

ನಿಮ್ಮ ಮೈದುನ


ಜೂನ್ 14

ಚಿಕ್ಕೋನೇ,

ಈ ಕಾಗದ ಸಿಕ್ಕ ಕೂಡಲೇ ಬೇರು ಅಗಿಯುವುದನ್ನು ನಿಲ್ಲಿಸು. ಕೆಂಪು ದಾರದ್ದು, ಬಿಳಿ ದಾರದ್ದು, ಕಷಾಯ, ನಾನು ಕಳಿಸಿದ್ದನ್ನೆಲ್ಲ ನಿಲ್ಲಿಸು. ಡಾಕ್ಟರ ಮಾತ್ರೆ ಮಾತ್ರ ತೆಗೆದುಕೋ.

ನಮಗೆ ಜ್ಯೇಷ್ಠಮಧು ವರ್ಷಕ್ಕೊಮ್ಮೆ ಒಂದು ಮೂಟೆ ಬರುತ್ತದೆ. ನಿನ್ನೆ ಕೈ ಹಾಕಿದರೆ ತಳ ಸಿಕ್ಕಿತು, ವರ್ಷ ಅರ್ಧ ಕಳೆದಿಲ್ಲ. ಇಲಿಯ ಕಾಟ ಇರಬೇಕೆಂದು ಮೂಟೆ ತಿರುವಿ ನೋಡಿದೆ. ಒಂದು ತೂತೂ ಇಲ್ಲ. ಅಲ್ಲೇ ನೆಲದ ಮೇಲೆ ಕೂತು ಯೋಚಿಸಿದೆ. ಆ ಇಲಿ ನೀನು. ಬಾಗಿಲು ತೆರೆದಿಟ್ಟವಳು ನಾನು.

ಡಾಕ್ಟರಿಗೆ ನಾನೇ ಬರೆದಿದ್ದೇನೆ. ಅದರ ನಕಲು ಕೆಳಗಿದೆ. ಸಿಟ್ಟು ಬಂದರೆ ಬರಲಿ.

ಅತ್ತಿಗೆ


ಜೂನ್ 14

ಡಾಕ್ಟರವರಿಗೆ ನಮಸ್ಕಾರ.

ಈ ತಿಂಗಳು ನಿಮ್ಮ ತಪಾಸಣೆಯಲ್ಲಿ ನಪಾಸಾದ ಎಂಜಿನ್ ಚಾಲಕ ನನ್ನ ಮೈದುನ. ಅವನು ನಿಮಗೆ ಸುಳ್ಳು ಹೇಳಿದ್ದಾನೆ. ಕೆಟ್ಟ ಬುದ್ಧಿಯಿಂದಲ್ಲ, ನನ್ನ ಅಂಗಡಿಯ ಮೇಲಿನ ಅಭಿಮಾನದಿಂದ.

ನಾನು ನಾರುಬೇರು ಮಾರುವವಳು. ಜನವರಿಯಿಂದ ಅವನು ದಿನಕ್ಕೆ ಹತ್ತು ಹನ್ನೆರಡು ತುಂಡು ಜ್ಯೇಷ್ಠಮಧು ಅಗಿಯುತ್ತಿದ್ದಾನೆ. ನಾನು ಕಳಿಸಿದ ಕೆಮ್ಮಿನ ಪುಡಿಯಲ್ಲಿ ಮೂರನೇ ಒಂದು ಪಾಲು ಅದೇ. ಹೊಟ್ಟೆಯುರಿಯ ಗುಳಿಗೆಯಲ್ಲಿ ಅರ್ಧ. ಕಾಲು ಊದಿದಾಗ ಕೊಟ್ಟ ಕಷಾಯದಲ್ಲಿ ಹಿಡಿ ತುಂಬ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕಟ್ಟಿದೆ. ನಾಲ್ಕನ್ನೂ ಒಂದೇ ಬಾಯಿ ತಿನ್ನುತ್ತಿದೆ ಎಂದು ಒಮ್ಮೆಯೂ ಕೂಡಿಸಿ ನೋಡಲಿಲ್ಲ.

ಈ ಬೇರು ಗಂಟಲಿಗೆ, ಕೆಮ್ಮಿಗೆ, ಹೊಟ್ಟೆಗೆ ಒಳ್ಳೆಯದೆಂದೇ ನಾವು ಕೊಡುತ್ತೇವೆ. ಆದರೆ ಬಹಳ ದಿನ ಕೊಡಬಾರದು, ಕಾಲು ಊದಿದವರಿಗೆ ಕೊಡಲೇಬಾರದು ಎಂದು ನನ್ನ ಮಾವನವರು ಹೇಳಿಕೊಟ್ಟಿದ್ದರು. ಗಿರಾಕಿಗಳ ವಿಷಯದಲ್ಲಿ ಮರೆತವಳಲ್ಲ. ಮನೆಯವನ ವಿಷಯದಲ್ಲಿ ಮರೆತೆ.

ತಪ್ಪು ನನ್ನದು. ಅಂಗಡಿಯ ಹೆಸರು, ವಿಳಾಸ ಕೆಳಗಿದೆ, ಬರೆದುಕೊಳ್ಳಿ. ಅವನನ್ನು ಎಂಜಿನ್ನಿನಿಂದ ಇಳಿಸಬೇಡಿ.

ಅವನ ಅತ್ತಿಗೆ


ಜೂನ್ 23

ಅಮ್ಮನವರಿಗೆ,

ರೋಗಿಗಳು ಸುಳ್ಳು ಹೇಳುವುದು ನನಗೆ ಹೊಸದಲ್ಲ. ರೋಗಿಯ ಅತ್ತಿಗೆ ಕಾಗದ ಬರೆದು ನಿಜ ಹೇಳಿದ್ದು ಇದೇ ಮೊದಲು. ಇಷ್ಟು ದಿನ ಅವರ ಮೂತ್ರಪಿಂಡವನ್ನು ಸುಮ್ಮನೆ ಅನುಮಾನಿಸುತ್ತಿದ್ದೆ.

ಆ ಬೇರು ಹೆಚ್ಚಾದರೆ ಮೈಯಲ್ಲಿ ಉಪ್ಪುನೀರು ನಿಲ್ಲುತ್ತದೆ, ಒತ್ತಡ ಏರುತ್ತದೆ, ನಾನು ಅವರಿಗೆ ಹೇಳಿದ ಲವಣ ಸೋರಿಹೋಗುತ್ತದೆ. ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಸರಿಹೋಗಬೇಕು. ಆಗಸ್ಟ್ 14ಕ್ಕೆ ಸರಿಹೋಗಿರುತ್ತದೆಯೇ ಎಂದು ಮಾತು ಕೊಡಲಾರೆ. ವಿಳಾಸ ಬರೆದುಕೊಂಡಿದ್ದೇನೆ, ದೂರಿಗಲ್ಲ. ನನ್ನ ತಾಯಿಗೂ ಇದನ್ನು ಅಗಿಯುವ ಅಭ್ಯಾಸವಿದೆ, ಎಷ್ಟು ಅಗಿದರೆ ಸರಿ ಎಂದು ತಿಳಿಸಿದರೆ ಉಪಕಾರ. ನನ್ನ ಮಾತು ಅವರು ಕೇಳುವುದಿಲ್ಲ.

ಡಾಕ್ಟರು


ಜುಲೈ 2

ಅತ್ತಿಗೆಯವರಿಗೆ ನಮಸ್ಕಾರ.

ಡಾಕ್ಟರು ನನ್ನನ್ನು ಕರೆಸಿ, ನಿಮ್ಮ ಕಾಗದವನ್ನು ಮೇಜಿನ ಮೇಲಿಟ್ಟು, "ಏನೂ ಇಲ್ಲ ಅಂದ್ರಲ್ಲ, ಇದೇನು?" ಎಂದರು. ನರ್ಸಿನ ಎದುರಿಗೇ. "ಅತ್ತಿಗೆ" ಎಂದೆ.

ಸಿಟ್ಟು ಬಂದಿತ್ತು, ಎರಡು ದಿನ ಇತ್ತು. ಈಗ ಅದರ ಜಾಗದಲ್ಲಿ ಏನಿದೆಯೋ ಗೊತ್ತಿಲ್ಲ. ಕಾಲಿನ ಊತ ಇಳಿದಿದೆ, ಪಾದದ ಮೂಳೆಗಳು ಮತ್ತೆ ಕಾಣುತ್ತಿವೆ. ಒತ್ತಡ ಮಾತ್ರ ಇನ್ನೂ ನೂರ ಅರವತ್ತೈದು.

ಆದರೆ ಬಾಯಿ ಖಾಲಿ. ಬೇರಿಲ್ಲ, ಸಿಗರೇಟಿಲ್ಲ. ಶುಕ್ರವಾರ ಒಂದು ಪ್ಯಾಕೆಟ್ ಕೊಂಡೆ, ತೆರೆದಿಲ್ಲ. ಅದನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹಚ್ಚಿದರೆ ಒತ್ತಡವೂ ಇಳಿಯುವುದಿಲ್ಲ, ಕೆಮ್ಮೂ ಬರುತ್ತದೆ, ಎಂಜಿನ್ನೂ ಹೋಗುತ್ತದೆ. ಗೊತ್ತಿದೆ. ಗೊತ್ತಿರುವುದರಿಂದ ಏನೂ ಆಗುತ್ತಿಲ್ಲ. ಏನಾದರೂ ಕಳಿಸಿ.

ಮೈದುನ


ಜುಲೈ 8

ಚಿಕ್ಕೋನೇ,

ಇದಕ್ಕೆ ನಮ್ಮ ಅಂಗಡಿಯಲ್ಲಿ ಏನೂ ಇಲ್ಲ. ಅದಕ್ಕೇ ನನ್ನ ವಿಳಾಸ ಬರೆದ ಐವತ್ತು ಅಂಚೆ ಕಾರ್ಡು ಕಳಿಸಿದ್ದೇನೆ. ಸೇದಬೇಕೆನ್ನಿಸಿದಾಗಲೆಲ್ಲ ನನಗೊಂದು ಸಾಲು ಬರೆ. ಏನಾದರೂ ಸರಿ. ಬರೆಯುವ ಕೈಗೆ ಕಡ್ಡಿ ಗೀರಲು ಆಗುವುದಿಲ್ಲ.

ಇಲ್ಲಿ ಎಲ್ಲ ಪೊಟ್ಟಣದ ಮೇಲೂ ಸಿಹಿ ಬೇರು ಎಷ್ಟಿದೆ ಎಂದು ಬರೆಯುತ್ತಿದ್ದೇನೆ, ಅರ್ಧಕ್ಕರ್ಧ ಕಡಿಮೆಯೂ ಮಾಡಿದ್ದೇನೆ. ಗಿರಾಕಿಗಳ ಮುಖ ನೋಡಬೇಕು. "ಏನಮ್ಮಾ, ಇತ್ತೀಚೆಗೆ ನಿಮ್ಮ ಮದ್ದು ಮದ್ದಿನ ಥರ ಇದೆ" ಎಂದು ಹರಾಜಿನವನು ದೂರಿದ.

ಅತ್ತಿಗೆ


ಜುಲೈ 13

ಬೇಕೆನ್ನಿಸಿತು. ಕಿಟಕಿಯಲ್ಲಿ ಒಬ್ಬ ಕೇಳಿದ: "ಹತ್ತು ಗಂಟೆ ಗಾಡಿ ಎಷ್ಟು ಗಂಟೆಗೆ?" "ಹನ್ನೊಂದಕ್ಕೆ" ಎಂದೆ. ಅವನಿಗೆ ತೃಪ್ತಿಯಾಯಿತು.


ಜುಲೈ 13, ಮಧ್ಯಾಹ್ನ

ಮತ್ತೆ ಬೇಕೆನ್ನಿಸಿತು. ಏನೂ ನಡೆದಿಲ್ಲ. ಅದನ್ನೇ ಬರೆದಿದ್ದೇನೆ.


ಜುಲೈ 16

ಒಬ್ಬರು ಅಜ್ಜಿ ಅರ್ಧ ಗಂಟೆಯಿಂದ ಕಿಟಕಿ ಬಿಟ್ಟು ಕದಲಿಲ್ಲ. "ಎಲ್ಲಿಗೆ ಹೋಗ್ಬೇಕಜ್ಜಿ?" ಎಂದೆ. "ಎಲ್ಲಿಗೂ ಇಲ್ಲಪ್ಪ. ಫ್ಯಾನು ನಿನ್ನ ಹತ್ರ ಇದೆಯಲ್ಲ" ಎಂದರು. ಒಳಗೆ ಕರೆದು ಕುರ್ಚಿ ಕೊಟ್ಟೆ. ಈಗ ಅವರೇ ಜನಕ್ಕೆ ಉತ್ತರ ಕೊಡುತ್ತಿದ್ದಾರೆ. ಅರ್ಧ ಸರಿಯಿದೆ.


ಜುಲೈ 18

ಇವತ್ತು ಒಂದು ಗಾಡಿಯ ಸದ್ದಿಗೆ ತಿರುಗಿ ನೋಡಿದೆ. ಸಹಚಾಲಕಿ ಕೈ ಬೀಸಿದಳು. ನನ್ನ ಜಾಗದಲ್ಲಿ ಕೂತವನು ಬ್ರೇಕು ಬೇಗ ಹಾಕುತ್ತಾನೆ.


ಜುಲೈ 21

ಬಹಳ ಬೇಕೆನ್ನಿಸಿದೆ. ಅದಕ್ಕೇ ಇದನ್ನು ಬರೆಯುತ್ತೇನೆ. ಅಣ್ಣ ಮೊದಲ ಸಿಗರೇಟು ಸೇದಿದ್ದು ಮಾಳಿಗೆಯಲ್ಲಿ, ಮೂಟೆಗಳ ಹಿಂದೆ. ತಂದುಕೊಟ್ಟವನು ನಾನು. ಅವರ ಎದೆ ಕೆಟ್ಟಿದ್ದು, ಅವರು ತೀರಿಕೊಂಡಿದ್ದು ಅದರಿಂದ. ನಾಲ್ಕು ವರ್ಷದಿಂದ ನಿಮ್ಮ ಮುಖ ನೋಡದಿರುವುದಕ್ಕೆ ಕಾರಣ ಇದೊಂದೇ.


ಜುಲೈ 26

ಚಿಕ್ಕೋನೇ,

ಕಾರ್ಡಿನಲ್ಲಿ ಬರೆಯುವ ವಿಷಯವೇ ಇದು? ಅಂಚೆಯವನು ಓದಿಕೊಂಡೇ ಬಂದು, ಕೈಗೆ ಕೊಟ್ಟು, ನಾನು ಓದುವವರೆಗೆ ಪಾಪ ನಿಂತಿದ್ದ.

ಮಾಳಿಗೆಯ ಹಲಗೆಗಳ ಸಂದಿನಿಂದ ಹೊಗೆ ಕೆಳಗೆ ಬರುತ್ತಿತ್ತು. ನಿಮ್ಮಿಬ್ಬರಿಗೂ ಅದು ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ನಿನ್ನಣ್ಣ ನಲವತ್ತು ತುಂಬುವ ಮೊದಲೇ ಬಿಟ್ಟಿದ್ದರು. ನೀನು ಬಂದಾಗ ಮಾತ್ರ ನಿನ್ನ ಜೊತೆ ಒಂದು ಹಚ್ಚುತ್ತಿದ್ದರು. "ಬಿಟ್ಟೆ ಅಂದ್ರೆ ಅವ್ನು ಒಬ್ನೇ ಆಗ್ತಾನೆ ಕಣೇ" ಎನ್ನುತ್ತಿದ್ದರು. ನೀನು ಹೋದ ಮೇಲೆ ಬಾಯಿ ಮುಕ್ಕಳಿಸಿ, ಮುಕ್ಕಳಿಸಿ ಉಗುಳುತ್ತಿದ್ದರು. ಅವರ ಹೃದಯದ ಕವಾಟ ಹುಟ್ಟಿನಿಂದಲೇ ಸರಿಯಿರಲಿಲ್ಲ. ಅದರಿಂದಲೇ ಹೋದರೆಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದಾರೆ. ನೀನು ಒಂದು ಸಲ ಕೇಳಿದ್ದರೆ ಒಂದು ಸಲ ಹೇಳುತ್ತಿದ್ದೆ.

ಇಬ್ಬರೂ ಕೇಳದೆ, ಹೇಳದೆ ನಾಲ್ಕು ವರ್ಷ ಕಳೆದೆವು. ನಮಗಿಂತ ಆ ಅಂಚೆಯವನೇ ವಾಸಿ.

ಅತ್ತಿಗೆ


ಆಗಸ್ಟ್ 18

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿದ ದಿನ ಪ್ಯಾಕೆಟ್ಟನ್ನು ಬಕೆಟ್ಟಿನಲ್ಲಿ ನೆನೆಸಿ ಎಸೆದೆ. ಆಮೇಲೆ ಏನು ಬರೆಯಬೇಕೋ ತಿಳಿಯದೆ ಕಾರ್ಡುಗಳನ್ನು ಹಾಗೇ ಇಟ್ಟಿದ್ದೆ.

ಹದಿನಾಲ್ಕರಂದು ಹೋದೆ. ಮೊದಲು ನೂರ ಐವತ್ತೆಂಟು ಬಂತು. "ಹೆದರಿದೀರಿ. ಹೊರಗೆ ಹತ್ನಿಮಿಷ ಕೂತು ಬನ್ನಿ" ಎಂದರು ಡಾಕ್ಟರು. ಬೆಂಚಿನ ಮೇಲೆ ಒಬ್ಬ ಗೇಟ್‌ಮನ್ ಇದ್ದ.

"ನಿಮ್ದೆಷ್ಟು?" ಎಂದ.

"ನೂರ ಐವತ್ತೆಂಟು."

"ನಂದು ನೂರ ಎಂಬತ್ತು. ನಿಮ್ದು ಕೇಳಿ ಹೊಟ್ಟೆ ಉರೀತು. ಈಗ ಇನ್ನೂರಾಗಿರತ್ತೆ."

ನಾನು ನಕ್ಕೆ, ಅವನೂ ನಕ್ಕ. ನಗುತ್ತಲೇ ಒಳಗೆ ಹೋದೆ. ನೂರ ಮೂವತ್ತೆರಡು. ನಂಬಿಕೆ ಬರದೆ ಇನ್ನೊಂದು ತೋಳು ಚಾಚಿದೆ. ನೂರ ಮೂವತ್ತು. ರಕ್ತದ ಲವಣವೂ ಸರಿಯಾಗಿದೆ. ಡಾಕ್ಟರು ಸಹಿ ಹಾಕಿ, ಬೇರು ಎಷ್ಟು ಅಗಿಯಬೇಕೆಂದು ನೀವು ಬರೆದ ಕಾಗದವನ್ನು ತಮ್ಮ ತಾಯಿ ಕನ್ನಡಿಗೆ ಅಂಟಿಸಿಕೊಂಡಿದ್ದಾರೆಂದು ತಿಳಿಸಲು ಹೇಳಿದರು.

ನಿನ್ನೆ ಗಾಡಿ ಓಡಿಸಿದೆ. ಬಾಯಲ್ಲಿ ಏನೂ ಇರಲಿಲ್ಲವಾದ್ದರಿಂದ ದಾರಿಯುದ್ದಕ್ಕೂ ಮಾತಾಡಿದೆ. ಅಣ್ಣನ ವಿಷಯ. ಇಷ್ಟು ವರ್ಷ ಪಕ್ಕದಲ್ಲಿ ಕೂತರೂ ನನಗೊಬ್ಬ ಅಣ್ಣ ಇದ್ದರೆಂದು ಸಹಚಾಲಕಿಗೆ ಗೊತ್ತೇ ಇರಲಿಲ್ಲ. ಎಪ್ಪತ್ತು ಮೈಲಿ ಕೇಳಿ, ಕೊನೆಗೆ ಹೇಳಿದಳು: "ಸಾರ್, ಇದನ್ನೆಲ್ಲ ನಿಮ್ಮ ಅತ್ತಿಗೆ ಹತ್ರ ಹೋಗಿ ಹೇಳಿ. ನಂಗೆ ಸಿಗ್ನಲ್ ನೋಡ್ಬೇಕು."

ಹತ್ತು ದಿನ ರಜೆ ಸಿಕ್ಕಿದೆ. ಇಪ್ಪತ್ತನಾಲ್ಕನೇ ತಾರೀಕು ಮಧ್ಯಾಹ್ನದ ಗಾಡಿಗೆ ಬರುತ್ತೇನೆ. ಓಡಿಸುವವನು ನಾನಲ್ಲ. ಊಟಕ್ಕೆ ತಡವಾದರೆ ನನ್ನನ್ನು ಬಯ್ಯಬೇಡಿ.

ನಿಮ್ಮ
ಚಿಕ್ಕೋನು